ಅರ್ಧ ಕಾರ್ಡ್‌ನಿಂದ, ಅರ್ಧ ಡಿಸ್ಕ್‌ನಿಂದ: ಒಂದು ಶಾಲೆಯ ರಾಸ್ಪ್‌ಬೆರಿ ಪೈ ಪ್ರಕರಣ

ಮಲೆನಾಡಿನ ಅಂಚಿನ ಒಂದು ಹೈಸ್ಕೂಲು. ಊರು, ಶಾಲೆ, ಜನರ ಹೆಸರು ಬಿಟ್ಟಿದ್ದೇನೆ. ಗುರುತು ಹತ್ತುವಂಥ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಅಲ್ಲಿ ಒಂದು ರಾಸ್ಪ್‌ಬೆರಿ ಪೈ 4 ಇದೆ, ಅಂದರೆ ಒಂದೇ ಬೋರ್ಡ್‌ನಲ್ಲಿ ಅಡಗಿದ ಪುಟ್ಟ ಕಂಪ್ಯೂಟರ್. ಈ ಬೋರ್ಡ್ ಮಾರುಕಟ್ಟೆಗೆ ಬಂದದ್ದು 2019ರ ಜೂನ್‌ನಲ್ಲಿ. ಅದೇ ವರ್ಷದ ಕೊನೆಗೆ ಒಬ್ಬ ಹಳೆ ವಿದ್ಯಾರ್ಥಿ ಕೊಂಡು ಶಾಲೆಗೆ ಕೊಟ್ಟಿದ್ದ. ಇಂಟರ್ನೆಟ್ ಇಲ್ಲದೆಯೇ ಕನ್ನಡ ವಿಕಿಪೀಡಿಯ ಓದಲು ಕಿವಿಕ್ಸ್ ಎಂಬ ತಂತ್ರಾಂಶ ಹಾಕಿ, ಜೊತೆಗೆ ಕೆಲವು ಪಾಠದ ವಿಡಿಯೊ ತುಂಬಿದ್ದರು. ಬೋರ್ಡ್‌ನದೇ ವೈಫೈಗೆ ಏಳೆಂಟು ಟ್ಯಾಬ್ ಸೇರಿಸಿದರೆ ಒಂದು ಗುಂಪು ಮಕ್ಕಳ ಕೆಲಸ ನಡೆಯುತ್ತಿತ್ತು.

ಎಲ್ಲ ಇದ್ದದ್ದು ಒಂದು ಮೈಕ್ರೋ ಎಸ್‌ಡಿ ಕಾರ್ಡ್‌ನಲ್ಲಿ. ಮಳೆಗಾಲದಲ್ಲಿ ಆ ಕಡೆ ಕರೆಂಟ್ ಹೋಗಿ ಬರುವುದು ಎಲ್ಲರಿಗೂ ಗೊತ್ತು. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕಾರ್ಡ್‌ನ ಫೈಲ್ ವ್ಯವಸ್ಥೆ ಕೆಡುತ್ತದೆ. ಕೆಲವೊಮ್ಮೆ ಕಾರ್ಡೇ ಹೋಗುತ್ತದೆ. ಹಾಗೆ ಕಾರ್ಡ್‌ಗಳು ಕೆಟ್ಟು ಕೆಟ್ಟು, ಕೊನೆಗೆ ಹಳೆ ವಿದ್ಯಾರ್ಥಿ ತನ್ನ ಹಳೆಯ ಲ್ಯಾಪ್‌ಟಾಪ್‌ನ 240 ಜಿಬಿ ಎಸ್‌ಎಸ್‌ಡಿ ಡಿಸ್ಕನ್ನು, ಅದನ್ನು ಯುಎಸ್‌ಬಿಗೆ ಜೋಡಿಸುವ ಒಂದು ಸಾಟಾ ಕೇಬಲ್ ಸಮೇತ, ಕೊರಿಯರ್‌ನಲ್ಲಿ ಕಳಿಸಿದ. ಇನ್ನೊಂದು ಬದಲಾವಣೆಯೂ ಆಗಲಿ ಎಂದ. ಈಗಿರುವ ಕಾರ್ಯಾಚರಣೆ ವ್ಯವಸ್ಥೆ ರಾಸ್ಪ್‌ಬೆರಿ ಪೈ ಓಎಸ್ ಬದಲು ಉಬುಂಟು 22.04 ಎಂಬ ಇನ್ನೊಂದನ್ನು ಹಾಕೋಣ, ಲ್ಯಾಬ್‌ನ ಹಳೆ ಡೆಸ್ಕ್‌ಟಾಪ್‌ಗಳಲ್ಲಿ ಇರುವುದೂ ಅದೇ, ಮೇಡಂಗೂ ಕೈ ಹಿಡಿದ ವ್ಯವಸ್ಥೆ ಅಂತ. ಮೇಡಂ ಅಂದರೆ ಗಣಿತ ಹೇಳಿಕೊಡುವವರು. ಲ್ಯಾಬ್ ಉಸ್ತುವಾರಿ ಅವರಿಗೆ ಅಂಟಿಕೊಂಡಿತ್ತು. ಶಾಲೆಗಳಲ್ಲಿ ಹೀಗೇ ಅಲ್ವಾ?

ಅಂದರೆ ಒಂದೇ ಸಲಕ್ಕೆ ಡಿಸ್ಕ್ ಹೊಸದು, ಕೇಬಲ್ ಹೊಸದು, ಬೂಟ್ ಆಗುವ, ಅಂದರೆ ಆನ್ ಮಾಡಿದಾಗ ಸಿಸ್ಟಮ್ ಏಳುವ, ದಾರಿ ಹೊಸದು, ಸಿಸ್ಟಮ್ಮೂ ಹೊಸದು.

ಒಂದೊಂದು ಸಲ ಒಂದೊಂದು ಕಾಯಿಲೆ

ಈ ವಿಷಯ ನನ್ನ ಹತ್ತಿರ ಬಂದಾಗ ದೂರು ಇಷ್ಟೇ ಇತ್ತು: "ಎಸ್‌ಎಸ್‌ಡಿ ಹಾಕಿದರೆ ಕೆಲವು ಸಲ ಬೂಟ್ ಆಗುತ್ತೆ, ಕೆಲವು ಸಲ ಆಗಲ್ಲ." ಸ್ವಲ್ಪ ಕೆದಕಿದಾಗ ಅದರೊಳಗೆ ನಾಲ್ಕು ಬೇರೆ ಬೇರೆ ಸಂಗತಿ ಇರುವುದು ಕಂಡಿತು. ಒಮ್ಮೆ ಪರದೆ ಪೂರ್ತಿ ಕಪ್ಪು. ಒಮ್ಮೆ ಉಬುಂಟು ಚೆನ್ನಾಗಿ ಏಳುತ್ತದೆ, ಆದರೆ ತುಂಬಿಟ್ಟ ವಿಕಿಪೀಡಿಯ, ವಿಡಿಯೊ ಯಾವುದೂ ಕಾಣುವುದಿಲ್ಲ. ಇನ್ನೊಮ್ಮೆ ಫೈಲ್‌ಗಳೆಲ್ಲ ಇವೆ, ವೈಫೈ ಮಾಯ. ಮತ್ತೊಮ್ಮೆ ಎಲ್ಲ ಸರಿಯಾಗಿ ಎದ್ದು, ಅರ್ಧ ಗಂಟೆ ಓಡಿ, ನಿಂತಲ್ಲೇ ನಿಂತುಬಿಡುತ್ತದೆ.

ಆ ಹೊತ್ತಿಗೆ ಹಳೆ ವಿದ್ಯಾರ್ಥಿ ಫೋನಿನಲ್ಲಿ ಹೇಳುತ್ತಾ, ಮೇಡಂ ಮಾಡುತ್ತಾ, ಬೇಕಾದಷ್ಟು ಪ್ರಯತ್ನ ಆಗಿತ್ತು. ಇಮೇಜ್, ಅಂದರೆ ಸಿಸ್ಟಮ್ಮಿನ ಸಿದ್ಧ ಪ್ರತಿ, ಮತ್ತೆ ಮತ್ತೆ ಬರೆದಿದ್ದರು. ಬರೆಯುವ ತಂತ್ರಾಂಶ ಬದಲಿಸಿದ್ದರು. ವೇಗದ ನೀಲಿ ಯುಎಸ್‌ಬಿ 3 ಪೋರ್ಟ್‌ನಿಂದ ನಿಧಾನದ ಕಪ್ಪು ಯುಎಸ್‌ಬಿ 2 ಪೋರ್ಟ್‌ಗೆ ಹೋಗಿದ್ದರು. ಒಮ್ಮೆ ಉಬುಂಟು ಬಿಟ್ಟು ಎಸ್‌ಎಸ್‌ಡಿಗೆ ರಾಸ್ಪ್‌ಬೆರಿ ಪೈ ಓಎಸ್ಸನ್ನೇ ಬರೆದು ನೋಡಿದರು. ಅಂದು ಏನೋ ಒಂದು ಚೆನ್ನಾಗಿಯೇ ಎದ್ದು ನಿಂತಿತು. ಅಲ್ಲಿಗೆ ತೀರ್ಪು ಬರೆದಾಯಿತು: ಈ ಬೋರ್ಡ್‌ಗೆ ಉಬುಂಟು ಒಗ್ಗುವುದಿಲ್ಲ.

ನನಗೆ ಈ ತೀರ್ಪು ಒಪ್ಪಿಗೆಯಾಗಲಿಲ್ಲ. ಒಂದು ಸಿಸ್ಟಮ್ ಬೋರ್ಡ್‌ಗೆ ಹೊಂದದಿದ್ದರೆ ಅದು ಪ್ರತಿ ಸಲವೂ ಒಂದೇ ಜಾಗದಲ್ಲಿ ಮುಗ್ಗರಿಸಬೇಕು. ದಿನಕ್ಕೊಂದು ವೇಷ ಹಾಕುವ ತೊಂದರೆ ಎಂದರೆ ಒಂದಕ್ಕಿಂತ ಹೆಚ್ಚು ಕಾರಣ ಕೂಡಿಕೊಂಡಿವೆ ಎಂದೇ ಲೆಕ್ಕ.

ಮೇಡಂ ಅವರ ನೋಟ್‌ಬುಕ್

ಮೊದಲ ತೀರ್ಮಾನ: ಇನ್ನು ಮೇಲೆ ಏನನ್ನೂ ಮತ್ತೆ ಬರೆಯುವುದು ಬೇಡ. ಎಸ್‌ಎಸ್‌ಡಿಯಲ್ಲಿ ಉಬುಂಟು ಒಂದು ಸಲ ಬರೆದು, ವಿಕಿಪೀಡಿಯ, ವಿಡಿಯೊ ತುಂಬಿ, ಅದನ್ನು ಹಾಗೇ ಬಿಡುವುದು. ಪ್ರತಿ ಸಲ ಆನ್ ಮಾಡಿದಾಗ ಬರೆದಿಡುವುದು. ಗಣಿತದ ಮೇಡಂ ಆದ್ದರಿಂದ ಹೇಳಬೇಕಾದ್ದೇ ಇರಲಿಲ್ಲ. ಪುಟಕ್ಕೆ ಗೆರೆ ಎಳೆದು ಕಂಬಸಾಲು ಮಾಡಿದರು: ಯಾವ ಪೋರ್ಟ್, ಯಾವ ಚಾರ್ಜರ್, ಕೀಬೋರ್ಡ್ ಇತ್ತೋ ಇಲ್ಲವೋ, ಏನಾಯಿತು. ತಾವಾಗಿಯೇ ಇನ್ನೊಂದು ಸಾಲು ಸೇರಿಸಿದ್ದರು: ಎಸ್‌ಡಿ ಕಾರ್ಡ್ ಒಳಗಿತ್ತೋ ಇಲ್ಲವೋ.

ಆ ಸಾಲೇ ಇಡೀ ಪ್ರಕರಣವನ್ನು ತಿರುಗಿಸಿತು. ಪುಟದ ಫೋಟೊ ನೋಡಿದ ಹಳೆ ವಿದ್ಯಾರ್ಥಿ ಕೇಳಿದ, "ಮೇಡಂ, ಕಾರ್ಡ್ ಯಾಕೆ ಒಳಗಿದೆ? ನಾವು ಬೂಟ್ ಮಾಡ್ತಿರೋದು ಎಸ್‌ಎಸ್‌ಡಿಯಿಂದ." ಮೇಡಂ ಉತ್ತರ: "ಅದನ್ನ ತೆಗೆದ್ರೆ ಏನೂ ಬರಲ್ಲ ಕಣೋ. ನೋಡು, ತೆಗೆದಾಗೆಲ್ಲ ಕಪ್ಪು ಪರದೆ ಅಂತಲೇ ಬರೆದಿದ್ದೀನಿ."

ಎಸ್‌ಎಸ್‌ಡಿ ಬರುವ ಮೊದಲು ಪರೀಕ್ಷೆಗೆಂದು ಒಂದು ಕಾರ್ಡ್‌ಗೆ ಉಬುಂಟು ಬರೆದು ನೋಡಿದ್ದರು. ಅದು ಸ್ಲಾಟ್‌ನಲ್ಲೇ ಉಳಿದಿತ್ತು. ಪೈ ಓಎಸ್ "ಎದ್ದು ನಿಂತ" ದಿನವೂ ಅದು ಒಳಗೇ ಇತ್ತು. ಅಂದು ಪರದೆಯಲ್ಲಿ ಇದ್ದದ್ದು ಲಾಗಿನ್ ಕೇಳುವ ಕಪ್ಪು ಟರ್ಮಿನಲ್. ಎದ್ದದ್ದು ಕಾರ್ಡ್‌ನ ಉಬುಂಟುವೇ ಎಂದು ಯಾರೂ ಗಮನಿಸಿರಲಿಲ್ಲ. ಉಬುಂಟುಗೆ ವಿರುದ್ಧವಾಗಿ ಸಾಕ್ಷಿ ಹೇಳಿದ್ದು ಉಬುಂಟುವೇ.

ಇಲ್ಲಿ ಪೈ 4 ಏಳುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಿಸಿಯಲ್ಲಿ ಇರುವಂಥ ಬಯಾಸ್ ಇದರಲ್ಲಿ ಇಲ್ಲ. ಚಿಪ್‌ನೊಳಗಿನ ಪುಟ್ಟ ರೋಮ್, ಬೋರ್ಡ್ ಮೇಲಿನ ಈಪ್ರಾಮ್ ಎಂಬ ನೆನಪಿನ ಚಿಪ್‌ನಿಂದ ಬೂಟ್‌ಲೋಡರ್ ಓದುತ್ತದೆ, ಅಂದರೆ ಸಿಸ್ಟಮ್ಮನ್ನು ಎಬ್ಬಿಸುವ ಪುಟ್ಟ ತಂತ್ರಾಂಶ. ಬೂಟ್‌ಲೋಡರ್ ಹೋಗಿ ಕಾರ್ಡ್ ಅಥವಾ ಡಿಸ್ಕ್‌ನ ಮೊದಲ ಫ್ಯಾಟ್ ಭಾಗದಿಂದ, ಅಂದರೆ ಬೂಟ್ ಭಾಗದಿಂದ, ಫರ್ಮ್‌ವೇರ್ ತರುತ್ತದೆ. ಫರ್ಮ್‌ವೇರ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ತರುತ್ತದೆ. ಕರ್ನಲ್ ಎದ್ದ ಮೇಲೆ, ಸಿಸ್ಟಮ್ಮಿನ ಉಳಿದ ಫೈಲ್‌ಗಳಿರುವ ತನ್ನ ರೂಟ್ ಭಾಗ ಎಲ್ಲಿದೆ ಎಂದು ಹೊಸದಾಗಿ ಹುಡುಕುತ್ತದೆ. ಈ ಕೊನೆಯ ಮಾತು ಮುಖ್ಯ. ಬೂಟ್‌ಲೋಡರ್ ಯಾವ ಡಿಸ್ಕ್ ಹಿಡಿದಿತ್ತು ಎಂಬುದರ ಹಂಗು ಕರ್ನಲ್‌ಗೆ ಇಲ್ಲ. ಅದಕ್ಕೆ ಕೊಟ್ಟ ಒಂದು ಸಾಲಿನ ಆಜ್ಞೆಯಲ್ಲಿ ಏನು ಬರೆದಿದೆಯೋ ಅದನ್ನೇ ಹುಡುಕುತ್ತದೆ. ಪೈಗಾಗಿ ಸಿದ್ಧಮಾಡಿದ ಉಬುಂಟು ಇಮೇಜ್‌ನಲ್ಲಿ ಅಲ್ಲಿ ಬರೆದಿರುವುದು ಒಂದು ಲೇಬಲ್: 'ರೈಟಬಲ್' ಎಂಬ ಹೆಸರಿನ ಭಾಗವನ್ನು ರೂಟ್ ಮಾಡಿಕೋ, ಅಂತ.

ಈಗ ಕಾರ್ಡ್‌ನಲ್ಲೂ ಉಬುಂಟು, ಡಿಸ್ಕ್‌ನಲ್ಲೂ ಉಬುಂಟು. ಎರಡರಲ್ಲೂ ಅದೇ ಲೇಬಲ್. ಆ ಹೊತ್ತಿಗೆ ಆ ಹೆಸರು ಯಾವುದಕ್ಕೆ ಅಂಟಿತೋ ಅದೇ ರೂಟ್. ಕಾರ್ಡ್‌ಗೆ ಅಂಟಿದ ದಿನ ಉಬುಂಟು ಏಳುತ್ತಿತ್ತು, ವಿಕಿಪೀಡಿಯ ಇರುತ್ತಿರಲಿಲ್ಲ. ಡಿಸ್ಕ್‌ಗೆ ಅಂಟಿದ ದಿನ ವಿಕಿಪೀಡಿಯ ಇತ್ತು, ವೈಫೈ ಇರಲಿಲ್ಲ.

ವೈಫೈ ಯಾಕೆ ಹೋಯಿತು ಎಂಬುದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಕಾರ್ಡ್‌ಗೆ ಬರೆದಿದ್ದು 22.04ರ ಹಳೆಯ ಇಮೇಜ್, ಡಿಸ್ಕ್‌ಗೆ ಬರೆದಿದ್ದು ಅದೇ 22.04ರ ನಂತರದ ಇಮೇಜ್. ಕರ್ನಲ್ ಬರುತ್ತಿದ್ದುದು ಕಾರ್ಡ್‌ನಿಂದ. ಅದಕ್ಕೆ ಬೇಕಾದ ಮಾಡ್ಯೂಲ್‌ಗಳನ್ನು, ಅಂದರೆ ಬೇಕಾದಾಗ ಸೇರಿಸಿಕೊಳ್ಳುವ ತುಣುಕುಗಳನ್ನು, ಹುಡುಕುತ್ತಿದ್ದುದು ಡಿಸ್ಕ್‌ನಲ್ಲಿ. ಅಲ್ಲಿ ಇದ್ದದ್ದು ಬೇರೆ ಆವೃತ್ತಿಯ ಮಾಡ್ಯೂಲ್‌ಗಳು. ವೈಫೈ ಚಾಲಕವೂ ಒಂದು ಮಾಡ್ಯೂಲೇ. ಸಿಗಲಿಲ್ಲ, ವೈಫೈ ಬರಲಿಲ್ಲ. ಓಡುತ್ತಿರುವ ಕರ್ನಲ್‌ನ ಆವೃತ್ತಿ ಸಂಖ್ಯೆಯನ್ನೂ ಮಾಡ್ಯೂಲ್ ಫೋಲ್ಡರ್‌ನ ಹೆಸರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಎರಡೂ ಬೇರೆ. ಮೇಡಂ ಎರಡನ್ನೂ ಓದಿ ಹೇಳುವ ಹೊತ್ತಿಗೆ ಆ ಕಡೆ ಹುಡುಗ ನಗಲು ಶುರುಮಾಡಿದ್ದ. ಎಸ್‌ಎಸ್‌ಡಿಯಿಂದ ಬೂಟ್ ಆಗುತ್ತಿದೆ ಎಂದುಕೊಂಡಿದ್ದ ಯಂತ್ರ ಒಂದು ಸಲವೂ ಪೂರ್ತಿಯಾಗಿ ಎಸ್‌ಎಸ್‌ಡಿಯಿಂದ ಬೂಟ್ ಆಗಿರಲೇ ಇಲ್ಲ.

ಯಾವುದನ್ನು ಮೊದಲು ಸರಿಮಾಡುವುದು

ಇಲ್ಲಿ ಒಂದು ಚಿಕ್ಕ ಜಗಳ ಆಯಿತು. ಈಗಲೇ ಕಾರ್ಡ್ ತೆಗೆದು, ಬೂಟ್‌ಲೋಡರ್ ಅಪ್‌ಡೇಟ್ ಮಾಡಿಬಿಡೋಣ ಎಂದು ಹುಡುಗ. ಮೊದಲು ಕರೆಂಟ್ ನೋಡೋಣ ಎಂದು ನಾನು. ಕಾರಣ ಇಷ್ಟೇ: ವೋಲ್ಟೇಜ್ ಸರಿಯಿಲ್ಲದ ಬೋರ್ಡ್ ಮೇಲೆ ಮಾಡಿದ ಯಾವ ಪರೀಕ್ಷೆಯನ್ನೂ ನಂಬುವ ಹಾಗಿಲ್ಲ. ಅಂಥ ಬೋರ್ಡ್‌ನ ಈಪ್ರಾಮ್‌ಗೆ ಬರೆಯುವುದಂತೂ ಬೇಡವೇ ಬೇಡ.

ಬೋರ್ಡ್‌ಗೆ ಕೊಟ್ಟಿದ್ದು ಒಂದು ಫೋನ್ ಚಾರ್ಜರ್, ಜೊತೆಗೆ ಮೇಜಿನಿಂದ ಗೋಡೆವರೆಗೆ ಮುಟ್ಟುವಷ್ಟು ಉದ್ದದ ತೆಳು ಕೇಬಲ್. ಪೈ 4 ಕೇಳುವುದು 5.1 ವೋಲ್ಟ್, 3 ಆಂಪಿಯರ್. ದೂರದ ಕಂಬದಿಂದ ತೆಳು ವೈರ್ ಎಳೆದು ಪಂಪ್‌ಸೆಟ್ ಓಡಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕೇಬಲ್‌ನ ರೋಧ 0.2 ಓಮ್ ಇದ್ದು 2 ಆಂಪಿಯರ್ ಹರಿದರೆ ದಾರಿಯಲ್ಲೇ 0.4 ವೋಲ್ಟ್ ಹೋಯಿತು. ಚಾರ್ಜರ್ ಸರಿಯಾಗಿ 5 ವೋಲ್ಟ್ ಕೊಟ್ಟರೂ ಬೋರ್ಡ್‌ಗೆ ತಲುಪುವುದು 4.6. ಪೈ ಸುಮಾರು 4.63 ವೋಲ್ಟ್‌ಗಿಂತ ಕೆಳಗಿಳಿದರೆ ಕಡಿಮೆ ವೋಲ್ಟೇಜ್ ಎಂದು ಗುರುತು ಹಾಕಿಕೊಳ್ಳುತ್ತದೆ. ಆ ಗುರುತನ್ನು ಕೇಳಲು ವಿಸಿಜೆನ್‌ಸಿಎಮ್‌ಡಿ ಎಂಬ ಆಜ್ಞೆ ಇದೆ. ನಮಗೆ ಬಂದ ಉತ್ತರ ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ, 50005. ಬಲಗಡೆಯ 5 ಎಂದರೆ ಈಗಲೇ ವೋಲ್ಟೇಜ್ ಕಡಿಮೆ ಇದೆ, ಈಗಲೇ ವೇಗ ಇಳಿಸಲಾಗಿದೆ. ಎಡಗಡೆಯ 5 ಎಂದರೆ ಆನ್ ಆದ ಮೇಲೆ ಈ ಎರಡೂ ಒಮ್ಮೆಯಾದರೂ ಆಗಿದೆ. ಕೆಲವರು ಬಲಗಡೆ ಸೊನ್ನೆ ಕಂಡರೆ ಸಮಾಧಾನ ಮಾಡಿಕೊಳ್ಳುತ್ತಾರೆ. ಎಡಗಡೆ 5 ಉಳಿದಿದ್ದರೆ ಸಮಾಧಾನಕ್ಕೆ ಕಾರಣವಿಲ್ಲ. ಡಿಸ್ಕ್ ಬರೆಯುವ ಕ್ಷಣದಲ್ಲಿ ಕುಸಿದು ಮತ್ತೆ ಎದ್ದಿರುತ್ತದೆ ಅಷ್ಟೇ.

ಇದಕ್ಕೂ ಮೊದಲು ಯಾರೋ ಹೇಳಿದರೆಂದು ಪ್ರತ್ಯೇಕ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಒಂದನ್ನು ತಂದಿದ್ದರು. ಅದನ್ನು ಹಾಕಿ ಪೈನ ಪವರ್ ಕಿತ್ತರೂ ಕೆಂಪು ದೀಪ ಆರಲಿಲ್ಲ. ಹಬ್ ತನ್ನ ಕರೆಂಟನ್ನು ಹಿಂದಕ್ಕೆ, ಬೋರ್ಡ್‌ಗೇ ನೂಕುತ್ತಿತ್ತು. ಅಂಥ ಹಬ್ ಕಟ್ಟಿಕೊಂಡು ಬೂಟ್ ಪರೀಕ್ಷೆ ಮಾಡಿದರೆ ಬೋರ್ಡ್ ಎಂದೂ ಪೂರ್ತಿ ಆಫ್ ಆಗುವುದೇ ಇಲ್ಲ. ಎತ್ತಿಟ್ಟೆವು. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ 1.2 ಆಂಪಿಯರ್ ಕೊಡಬಲ್ಲವು. ನಮ್ಮ ಎಸ್‌ಎಸ್‌ಡಿಯ ಲೇಬಲ್ ಮೇಲೆ 1 ಆಂಪಿಯರ್ ಎಂದಿತ್ತು. ಬೇರೆ ಏನೂ ಹಾಕದಿದ್ದರೆ ಸಾಕು ಎಂದು ಲೆಕ್ಕ ಹಾಕಿ, ಪೈಗೆಂದೇ ಮಾಡಿದ ಅಡಾಪ್ಟರ್ ಒಂದನ್ನು ತರಿಸಿದೆವು. ಅದರ ಕೇಬಲ್ ಅಡಾಪ್ಟರ್‌ಗೇ ಅಂಟಿರುತ್ತದೆ, ಗಿಡ್ಡ, ದಪ್ಪ. ಮೇಜನ್ನು ಗೋಡೆ ಹತ್ತಿರ ಎಳೆಯಬೇಕಾಯಿತು. ಆಮೇಲೆ ಉತ್ತರ ಸೊನ್ನೆ.

ನಿಂತುಬಿಡುವುದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಉಳಿದ ಮೂರು ಲಕ್ಷಣ ಹಾಗೇ ಇದ್ದವು. ಅವಕ್ಕೂ ಕರೆಂಟ್‌ಗೂ ಸಂಬಂಧವಿಲ್ಲ ಎಂಬುದು ಹೀಗೆ ಖಚಿತವಾಯಿತು.

ಆಮೇಲೆ ಬೂಟ್‌ಲೋಡರ್. ಪೈ 4 ಹುಟ್ಟಿದಾಗ ಯುಎಸ್‌ಬಿ ಡಿಸ್ಕ್‌ನಿಂದ ಏಳುವ ಶಕ್ತಿ ಅದಕ್ಕೆ ಇರಲಿಲ್ಲ. ಅದು ಸ್ಥಿರ ಆವೃತ್ತಿಯಾಗಿ ಬಂದದ್ದು 2020ರ ಸೆಪ್ಟೆಂಬರ್‌ನಲ್ಲಿ. ಇಂಟರ್ನೆಟ್ ಕಾಣದ ಶಾಲೆಯ ಬೋರ್ಡ್‌ನಲ್ಲಿ 2019ರ ಬೂಟ್‌ಲೋಡರ್ ಹಾಗೇ ಕೂತಿತ್ತು. ಕಾರ್ಡ್ ತೆಗೆದಾಗ ಕಪ್ಪು ಪರದೆ ಬಂದದ್ದು ಅದಕ್ಕೇ. ರಾಸ್ಪ್‌ಬೆರಿ ಪೈ ಇಮೇಜರ್‌ನಲ್ಲೇ ಬೂಟ್‌ಲೋಡರ್ ಅಪ್‌ಡೇಟ್ ಮಾಡುವ ಪುಟ್ಟ ಇಮೇಜ್ ಇದೆ. ಬೇರೊಂದು ಕಾರ್ಡ್‌ಗೆ ಅದನ್ನು ಬರೆದು, ಬೋರ್ಡ್‌ಗೆ ಹಾಕಿ ಆನ್ ಮಾಡಿದರೆ, ಕೆಲಸ ಮುಗಿದಾಗ ಪರದೆ ಹಸಿರಾಗುತ್ತದೆ. ಹಸಿರಾಯಿತು. ಕಾರ್ಡ್ ತೆಗೆದು ಆನ್ ಮಾಡಿದರೆ ಮೊದಲ ಬಾರಿಗೆ ಉಬುಂಟು ಬರೀ ಡಿಸ್ಕ್‌ನಿಂದ ಎದ್ದಿತು. ವೈಫೈ ತಾನಾಗಿಯೇ ಬಂತು, ಯಾರೂ ಅದನ್ನು ರಿಪೇರಿ ಮಾಡದೆ.

ಹೊಸ ಬೂಟ್‌ಲೋಡರ್‌ನಿಂದ ಇನ್ನೊಂದು ಲಾಭ ಇದೆ. ಬೂಟ್ ಆಗದಿದ್ದರೆ ಅದು ಟಿವಿ ಪರದೆ ಮೇಲೆ ಎಲ್ಲೆಲ್ಲಿ ಹುಡುಕಿತು, ಏನು ಸಿಕ್ಕಿತು ಎಂದು ಬರೆದು ತೋರಿಸುತ್ತದೆ. ಕಪ್ಪು ಪರದೆಗೆ ಹೋಲಿಸಿದರೆ ಇದು ದೊಡ್ಡ ಉಪಕಾರ.

ಎದ್ದ ಮೇಲೆ ಮುಗ್ಗರಿಸುವ ಡಿಸ್ಕ್

ನಿಂತುಬಿಡುವ ಕಾಟ ಮಾತ್ರ ಉಳಿದಿತ್ತು. ದೊಡ್ಡ ವಿಡಿಯೊಗಳನ್ನು ಕಾಪಿ ಮಾಡುವಾಗ ಅದು ಖಂಡಿತ ಬರುತ್ತಿತ್ತು. ಬೇಕೆಂದಾಗ ಬರುವ ತೊಂದರೆ ಅರ್ಧ ಬಗೆಹರಿದ ಹಾಗೆ. ಕರ್ನಲ್ ಲಾಗ್ ತೆರೆದಿಟ್ಟು ಕಾಪಿ ಶುರುಮಾಡಿದರೆ, ಯುಎಎಸ್ ಎಂಬ ಹೆಸರಿನ ದೂರುಗಳು, ಹಿಂದೆಯೇ ಸೂಪರ್‌ಸ್ಪೀಡ್ ಸಾಧನ ರೀಸೆಟ್ ಎಂಬ ಸಾಲುಗಳು ಒಂದರ ಮೇಲೊಂದು.

ಯುಎಸ್‌ಬಿ ಡಿಸ್ಕ್ ಜೊತೆ ಮಾತಾಡಲು ಎರಡು ಬಗೆ ಇವೆ. ಹಳೆಯದು, ಒಂದು ಆಜ್ಞೆ ಮುಗಿದ ಮೇಲೆ ಇನ್ನೊಂದು. ಹೊಸದು ಯುಎಎಸ್, ಹಲವು ಆಜ್ಞೆಗಳನ್ನು ಒಟ್ಟಿಗೆ ಸಾಲಾಗಿ ಕೊಡುವುದು. ವೇಗ ಜಾಸ್ತಿ. ಆದರೆ ಸಾಟಾ ಕೇಬಲ್‌ನ ತಲೆಯಲ್ಲಿ ಕೂತಿರುವ ಪುಟ್ಟ ಚಿಪ್‌ಗಳಲ್ಲಿ ಕೆಲವು, ಪೈ ಜೊತೆ ಸೇರಿದಾಗ ಯುಎಎಸ್‌ನಲ್ಲಿ ಎಡವುತ್ತವೆ. ನಮ್ಮ ಕೇಬಲ್‌ನ ಗುರುತು ಸಂಖ್ಯೆ 152ಡಿ:0578, ಅಂದರೆ ಜೆಮೈಕ್ರಾನ್‌ನ ಜೆಎಮ್‌ಎಸ್578 ಚಿಪ್. ಅದೇ ಕೇಬಲ್ ಮೇಡಂ ಅವರ ಲ್ಯಾಪ್‌ಟಾಪ್‌ನಲ್ಲಿ ಯಾವ ತಕರಾರೂ ಇಲ್ಲದೆ ಓಡುತ್ತಿತ್ತು. ಲ್ಯಾಪ್‌ಟಾಪ್‌ನಲ್ಲಿ ಸರಿಯಿದೆ, ಆದ್ದರಿಂದ ಕೇಬಲ್‌ಗೆ ಏನೂ ಆಗಿಲ್ಲ ಎಂದು ಇದನ್ನು ಮೊದಲೇ ಪಟ್ಟಿಯಿಂದ ಕೈಬಿಟ್ಟಿದ್ದರು. ಬೋರ್ಡ್‌ನ ಬೂಟ್‌ಲೋಡರ್ ಅದೇ ಡಿಸ್ಕನ್ನು ಸಲೀಸಾಗಿ ಓದಿದ್ದರಿಂದಲೂ ಅನುಮಾನ ಬರಲಿಲ್ಲ. ಬೂಟ್‌ಲೋಡರ್‌ನ ಯುಎಸ್‌ಬಿ ಚಾಲಕ ಬೇರೆ, ಕರ್ನಲ್‌ನದು ಬೇರೆ. ಒಂದರಲ್ಲಿ ಪಾಸಾದ ಕೇಬಲ್ ಇನ್ನೊಂದರಲ್ಲಿ ಫೇಲಾಗಬಹುದು.

ಪರಿಹಾರ ಒಂದೇ ಸಾಲು. ಬೂಟ್ ಭಾಗದಲ್ಲಿರುವ ಕರ್ನಲ್ ಆಜ್ಞೆಯ ಫೈಲ್‌ನಲ್ಲಿ, ಈ ಗುರುತು ಸಂಖ್ಯೆಯ ಸಾಧನಕ್ಕೆ ಯುಎಎಸ್ ಬೇಡ ಎಂದು ಬರೆಯುವುದು. ಮೊದಲ ಸಲ ಅದು ಹತ್ತಲಿಲ್ಲ. ಲಾಗ್‌ನಲ್ಲಿ ಯುಎಎಸ್ ಹಾಗೇ ಇತ್ತು. ನೋಡಿದರೆ ಬರೆದದ್ದು ಎರಡನೇ ಸಾಲಿಗೆ ಹೋಗಿತ್ತು. ಆ ಫೈಲ್‌ನಲ್ಲಿ ಇರಬೇಕಾದ್ದು ಒಂದೇ ಸಾಲು, ಎರಡನೆಯದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತಪ್ಪು ಎಂದು ಹೇಳುವುದೂ ಇಲ್ಲ. ಸರಿಪಡಿಸಿದ ಮೇಲೆ ಡಿಸ್ಕ್ ಹಳೆಯ ಬಗೆಗೆ ಇಳಿಯಿತು, ರೀಸೆಟ್ ಸಾಲುಗಳು ನಿಂತವು, ಕಾಪಿ ಕೊನೆ ಮುಟ್ಟಿತು. ಹಣ ಇದ್ದರೆ ಬೇರೆ ಚಿಪ್‌ನ ಕೇಬಲ್ ಕೊಳ್ಳುವುದು ಇನ್ನೂ ಒಳ್ಳೆಯ ದಾರಿ. ಶಾಲೆಗೆ ಅದರ ಅಗತ್ಯ ಕಾಣಲಿಲ್ಲ.

ನಡುವೆ ಒಂದು ಅಡ್ಡದಾರಿ. ಡಿಸ್ಕ್ ನೀಲಿ ಪೋರ್ಟ್‌ನಲ್ಲಿದ್ದಾಗ ದೂರದ ಬೆಂಚಿನ ಟ್ಯಾಬ್‌ಗಳ ವೈಫೈ ಕಡಿಯುತ್ತಿತ್ತು. ಯುಎಸ್‌ಬಿ 3 ಸಂಪರ್ಕ 2.4 ಗಿಗಾಹರ್ಟ್ಸ್ ಸುತ್ತಮುತ್ತ ಗದ್ದಲ ಎಬ್ಬಿಸುತ್ತದೆ ಎಂಬುದನ್ನು ಇಂಟೆಲ್ 2012ರಲ್ಲೇ ದಾಖಲಿಸಿದೆ. ಹಳೆ ಟ್ಯಾಬ್‌ಗಳಿಗೆ ಗೊತ್ತಿದ್ದುದು ಅದೊಂದೇ ಬ್ಯಾಂಡ್. ಹಾಗಾಗಿ ಡಿಸ್ಕನ್ನು ಕಪ್ಪು ಪೋರ್ಟ್‌ಗೇ ಹಾಕಿ ಬಿಟ್ಟೆವು. ವೇಗ ಇಳಿದದ್ದು ನಿಜ. ಆದರೆ ಇಲ್ಲಿ ಮಕ್ಕಳು ಕಾಯಬೇಕಾಗುವುದು ಡಿಸ್ಕ್‌ಗಾಗಿ ಅಲ್ಲ, ವೈಫೈಗಾಗಿ. ಮಕ್ಕಳಿಗೆ ವ್ಯತ್ಯಾಸ ತಿಳಿಯಲೇ ಇಲ್ಲ.

ಕೊನೆಗೆ ಉಳಿಸಿಕೊಂಡದ್ದು

ಮತ್ತೆ ಆ ಲೇಬಲ್ ಗೊಂದಲ ಆಗಬಾರದು ಎಂದು ಡಿಸ್ಕ್‌ನ ರೂಟ್ ಭಾಗಕ್ಕೂ ಬೂಟ್ ಭಾಗಕ್ಕೂ ಹೊಸ ಹೆಸರಿಟ್ಟು, ಕರ್ನಲ್ ಆಜ್ಞೆಯಲ್ಲೂ, ಡಿಸ್ಕ್‌ನ ಭಾಗಗಳ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲೂ ಅದನ್ನೇ ಬರೆದೆವು. ಹಳೆಯ ಉಬುಂಟು ಕಾರ್ಡ್ ಈಗ ತುರ್ತಿನ ಕಾರ್ಡ್. ಹೆಸರು ಬದಲಿಸದೆ ಇದ್ದಿದ್ದರೆ ಮೊದಲ ತುರ್ತಿನಲ್ಲೇ ಹಳೆ ಆಟ ಮತ್ತೆ ಶುರುವಾಗುತ್ತಿತ್ತು. ರಾಸ್ಪ್‌ಬೆರಿ ಪೈ ಓಎಸ್ ಬಳಸುವವರಿಗೂ ಇದೇ ಬಲೆ ಇನ್ನೊಂದು ರೂಪದಲ್ಲಿದೆ. ಅಲ್ಲಿ ಲೇಬಲ್ ಬದಲು ಭಾಗದ ಗುರುತು ಸಂಖ್ಯೆ. ಕಾರ್ಡನ್ನು ಡಿಸ್ಕ್‌ಗೆ ಹಾಗೇ ನಕಲು ಮಾಡಿ ಎರಡನ್ನೂ ಒಟ್ಟಿಗೆ ಹಾಕಿದರೆ ಆ ಸಂಖ್ಯೆಯೂ ಎರಡು ಕಡೆ ಒಂದೇ ಆಗಿರುತ್ತದೆ.

ಬೂಟ್ ಕ್ರಮದ ಬಗ್ಗೆ ಹುಡುಗನಿಗೂ ನನಗೂ ಮತ್ತೊಂದು ಚರ್ಚೆ. ಯಾವುದನ್ನು ಮೊದಲು ಹುಡುಕಬೇಕು ಎಂಬುದು ಬೂಟ್‌ಲೋಡರ್‌ನಲ್ಲಿ ಒಂದು ಸಂಖ್ಯೆಯಾಗಿರುತ್ತದೆ, ಅದನ್ನು ಬಲದಿಂದ ಎಡಕ್ಕೆ ಓದಬೇಕು: 1 ಎಂದರೆ ಎಸ್‌ಡಿ ಕಾರ್ಡ್, 4 ಎಂದರೆ ಯುಎಸ್‌ಬಿ. ಅವನಿಗೆ ಯುಎಸ್‌ಬಿ ಮೊದಲು ಬೇಕಿತ್ತು. ನಾನು ಕಾರ್ಡ್ ಮೊದಲು ಇರಲಿ ಎಂದೆ. ಕಾರ್ಡ್ ಇಲ್ಲದಾಗ ಅದು ಹೇಗೂ ಡಿಸ್ಕ್‌ಗೆ ಹೋಗುತ್ತದೆ. ಡಿಸ್ಕ್ ಕೆಟ್ಟ ದಿನ ಮೇಡಂ ಕಾರ್ಡ್ ತುರುಕಿ ಆನ್ ಮಾಡಿದರೆ ಸಾಕು, ಯಾರಿಗೂ ಫೋನ್ ಮಾಡಬೇಕಿಲ್ಲ. ಮೇಡಂ ನನ್ನ ಕಡೆ ನಿಂತರು.

ಎಸ್‌ಎಸ್‌ಡಿ ಬಂದ ಮಾತ್ರಕ್ಕೆ ಕರೆಂಟ್ ಹೋಗುವ ತೊಂದರೆ ಬಗೆಹರಿಯುವುದಿಲ್ಲ. ಮೂಲ ಕಾಯಿಲೆ ಅದೇ ಆಗಿತ್ತಲ್ಲ. ಉಬುಂಟುವಿನ ಓವರ್‌ಲೇರೂಟ್ ಹಾಕಿದೆವು. ಡಿಸ್ಕ್ ಓದಲು ಮಾತ್ರ ತೆರೆದಿರುತ್ತದೆ, ಓಡುವಾಗ ಬರೆಯುವುದೆಲ್ಲ ರ್‍ಯಾಮ್‌ಗೆ ಹೋಗಿ ಆಫ್ ಆದಾಗ ಅಳಿಯುತ್ತದೆ. ಹೊಸ ವಿಡಿಯೊ ಸೇರಿಸಬೇಕಾದರೆ ಅದನ್ನು ಆಫ್ ಮಾಡಿ, ಸೇರಿಸಿ, ಮತ್ತೆ ಆನ್ ಮಾಡಬೇಕು. ಮೇಡಂಗೆ ಇದು ಕಿರಿಕಿರಿ. ಆದರೂ ಒಪ್ಪಿಕೊಂಡರು. ಆಮೇಲಿನ ಮಳೆಗಾಲದಲ್ಲಿ ಸಿಸ್ಟಮ್ ಕೆಡಲಿಲ್ಲ.

ಇಂಥ ಬೋರ್ಡ್ ಕೈಯಲ್ಲಿರುವವರು ಈ ಪ್ರಕರಣದಿಂದ ಎತ್ತಿಕೊಳ್ಳಬೇಕಾದ ಪ್ರಶ್ನೆ ಎಂದರೆ, ಈ ಕ್ಷಣದಲ್ಲಿ ಡಿಸ್ಕನ್ನು ಓದುತ್ತಿರುವುದು ಯಾರು ಎಂಬುದು. ಬೋರ್ಡ್ ಬದಲಾದರೆ ಉತ್ತರವೂ ಬದಲಾಗುತ್ತದೆ. ಪೈ 3ರ ಬಿ ಮಾದರಿಯಲ್ಲಿ ಯುಎಸ್‌ಬಿ ಬೂಟ್ ಬೇಕೆಂದರೆ ಚಿಪ್‌ನಲ್ಲಿ ಒಮ್ಮೆ ಮಾತ್ರ ಬರೆಯಬಹುದಾದ ಒಂದು ಬಿಟ್ ಬದಲಿಸಬೇಕು, ಹಿಂದಕ್ಕೆ ಬರುವ ದಾರಿ ಇಲ್ಲ. ರಾಕ್‌ಚಿಪ್ ಕಂಪನಿಯ ಚಿಪ್ ಇರುವ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಈ ಕೆಲಸ ಯು-ಬೂಟ್ ಎಂಬ ಬೂಟ್‌ಲೋಡರ್‌ನದು, ಅದು ಎಲ್ಲಿ ಕೂತಿದೆ ಎಂಬುದನ್ನು ಮೊದಲು ನೋಡಬೇಕು. ಬೇರೆ ಸಿಸ್ಟಮ್ ಹಾಕಿ ನೋಡುವುದು ಇದೆಲ್ಲ ತಿಳಿದ ಮೇಲಿನ ಮಾತು. ಮೊದಲೇ ಮಾಡಿದರೆ ಗೊತ್ತಿಲ್ಲದ ವಿಷಯ ಇನ್ನೊಂದು ಕೂಡಿಕೊಂಡಿತು ಅಷ್ಟೇ.

ಈಗ ಶಾಲೆಗೆ ಇನ್ನೊಬ್ಬರು ಪೈ 5 ಕೊಡುತ್ತೇನೆ ಎಂದಿದ್ದಾರೆ. ಅದು ಕೇಳುವುದು 5 ವೋಲ್ಟ್, 5 ಆಂಪಿಯರ್. ಈಗಿರುವ 3 ಆಂಪಿಯರ್ ಅಡಾಪ್ಟರ್ ಹಾಕಿದರೆ ಪೈ 5 ತನ್ನ ಯುಎಸ್‌ಬಿ ಪೋರ್ಟ್‌ಗಳಿಗೆಲ್ಲ ಸೇರಿ 600 ಮಿಲಿಆಂಪಿಯರ್‌ಗೆ ಕಡಿವಾಣ ಹಾಕುತ್ತದೆ. 1 ಆಂಪಿಯರ್ ಲೇಬಲ್‌ನ ನಮ್ಮ ಡಿಸ್ಕ್‌ಗೆ ಅದು ಸಾಲದು. ಜೊತೆಗೆ ಉಬುಂಟು 22.04 ಪೈ 5ರಲ್ಲಿ ಓಡುವುದಿಲ್ಲ, ಬೆಂಬಲ ಶುರುವಾದದ್ದೇ 23.10ರಿಂದ. ಹಾಗಾಗಿ ಡಿಸ್ಕ್ ಕಿತ್ತು ಹೊಸ ಬೋರ್ಡ್‌ಗೆ ಸಿಕ್ಕಿಸುವಂತಿಲ್ಲ. ಬೋರ್ಡ್ ಜೊತೆಗೆ ಅಡಾಪ್ಟರನ್ನೂ ಕೊಡಿ ಎಂದು ದಾನಿಗಳಿಗೆ ಮೇಡಂ ಹೇಳಿ ಕಳಿಸಿದ್ದಾರೆ. 24.04 ಬರೆಯುವ ಕೆಲಸವನ್ನು ಬೇಸಿಗೆ ರಜೆಗೆ ಇಟ್ಟುಕೊಂಡಿದ್ದೇವೆ.